ಸಿನಿಮಾದವರು ಮನೆಗೆ ಬಂದಿದ್ದಾರೆ. ಕೊಡಗಿನ ಗಂಡಸು ಹೇಗಿರುತ್ತಾನೆ ಅಂತ ಏನು ಹೇಳಲಿ?

ಕೇಳಿದವರು: ಮಾದಾಪುರ ಕಾಫಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ. ಈ ಭಾನುವಾರದೊಳಗೆ ನಾನೊಂದು ಉತ್ತರ ಕೊಡಬೇಕು.

ಮಾದಾಪುರದ ಹತ್ತಿರ ನಮ್ಮದು ಏಳು ಎಕರೆ ಕಾಫಿ ತೋಟ, ಅಜ್ಜನ ಕಾಲದ ಹೆಂಚಿನ ಮನೆ. ಹೋದ ತಿಂಗಳು ಬೆಂಗಳೂರಿನಿಂದ ಒಂದು ಸಿನಿಮಾ ತಂಡ ಬಂತು. ಮನೆ ಅವರಿಗೆ ಹಿಡಿಸಿತು. ಶೂಟಿಂಗಿಗೆ ಕೊಡಲು ಒಪ್ಪಿದೆ. ಹೊರಡುವಾಗ ನಿರ್ದೇಶಕ ಹುಡುಗ ನನ್ನ ಮುಖ ನೋಡಿ, "ಅಂಕಲ್, ಹೀರೋಯಿನ್ ದೊಡ್ಡಪ್ಪನ ಪಾತ್ರ ನೀವೇ ಮಾಡಿಬಿಡಿ" ಅಂದ. ಅದಕ್ಕೂ ಹೂಂ ಅಂದೆ. ನನಗೆ 57 ವರ್ಷ, ಇಂಥ ಆಸೆ ಯಾರಿಗೆ ಇರುವುದಿಲ್ಲ?

ಮೊನ್ನೆ ಬುಧವಾರ ಲುಕ್ ಟೆಸ್ಟ್ ಅಂತ ಬಂದರು. ಮೇಕಪ್ ಹುಡುಗ ನನ್ನನ್ನು ಜಗಲಿಯಲ್ಲಿ ಕೂರಿಸಿ, ಮೂಗಿನ ಕೆಳಗೆ ಬ್ರಷ್‌ನಲ್ಲಿ ಗೋಂದು ಹಚ್ಚಿದ. ಗಪ್ಪಂತ ಸ್ಪಿರಿಟ್ ವಾಸನೆ ಹೊಡೆಯಿತು. ಡಬ್ಬಿಯಿಂದ ಒಂದು ಮೀಸೆ ತೆಗೆದ. ತುದಿ ಮೇಲಕ್ಕೆ ತಿರುಚಿದ ದಪ್ಪ ಮೀಸೆ. ಅದನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, "ಒಂದ್ ನಿಮಿಷ ಮಾತಾಡ್ಬೇಡಿ ಅಂಕಲ್, ಒಣಗ್ಲಿ" ಅಂದ. ನಮ್ಮಪ್ಪನಿಗೆ ಮೀಸೆ ಇರಲಿಲ್ಲ. ಮಿಲಿಟರಿಯಲ್ಲಿ 22 ವರ್ಷ ಇದ್ದ ನನ್ನಣ್ಣನಿಗೂ ಇಲ್ಲ.

ಆಮೇಲೆ ಕುಪ್ಯ ತೊಡಿಸಿದರು, ನಾವು ಕೊಡವ ಗಂಡಸರು ತೊಡುವ ಉದ್ದ ನಿಲುವಂಗಿ. ಬಿಳಿ ಕುಪ್ಯ. ಪೀಚೆಕತ್ತಿ ಅನ್ನುವ ಚಿಕ್ಕ ಬಾಕನ್ನು ಬೆನ್ನಿಗೆ ಸಿಕ್ಕಿಸಿದರು. ಅದು ಮುಂದೆ, ಸೊಂಟಕ್ಕೆ ಸುತ್ತುವ ಚೇಲೆ ವಸ್ತ್ರಕ್ಕೆ ಸಿಕ್ಕಿಸುವುದು. ಅದನ್ನು ಹೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ನಮ್ಮ ದೊಡ್ಡಮ್ಮ ಬಂದರು. 84 ವರ್ಷ ಅವರಿಗೆ. ನನ್ನನ್ನು ನೋಡಿದವರೇ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ನಮ್ಮಲ್ಲಿ ಬಿಳಿ ಕುಪ್ಯ ತೊಡುವುದು ಮದುವೆ ದಿನ ಮದುಮಗ. ಇನ್ನೊಂದು ಸಲ ತೊಡಿಸುವುದು ಹೆಣಕ್ಕೆ. ಉಳಿದವರಿಗೆಲ್ಲ ಕಪ್ಪು. 2011ರಲ್ಲಿ ನಮ್ಮಪ್ಪನನ್ನು ಅದೇ ಜಗಲಿಯಲ್ಲಿ ಬಿಳಿ ಕುಪ್ಯದಲ್ಲಿ ಮಲಗಿಸಿದ್ದೆವು. "ಮೊದಲು ತೆಗಿ ಅದನ್ನ" ಅಂದರು ದೊಡ್ಡಮ್ಮ. ಅವರ ದನಿ ನಡುಗುತ್ತಿತ್ತು. ಹುಡುಗರು ಪಾಪ, ಹೆದರಿ ಕ್ಷಮೆ ಕೇಳಿದರು. ಸ್ಕ್ರೀನ್ ಮೇಲೆ ಬಿಳಿ ಚೆನ್ನಾಗಿ ಎದ್ದು ಕಾಣುತ್ತದೆ ಅಂತ ತಂದಿದ್ದರಂತೆ.

ಬಟ್ಟೆಯ ತಪ್ಪು ಬಟ್ಟೆ ಬದಲಿಸಿದರೆ ಹೋಗುತ್ತದೆ. ನನ್ನ ನಿದ್ದೆ ಕೆಡಿಸಿದ್ದು ಕಥೆ. ಅದರಲ್ಲಿ ನಾನು ನಿವೃತ್ತ ಸುಬೇದಾರ್. ಮೊದಲ ದೃಶ್ಯದಲ್ಲಿ ಬೆಂಗಳೂರಿನ ಹೀರೋ ಗೇಟಿಗೆ ಬಂದ ಕೂಡಲೇ ಆಕಾಶಕ್ಕೆ ಗುಂಡು ಹಾರಿಸುತ್ತೇನೆ. ಎರಡನೆಯದರಲ್ಲಿ ಒಂದು ಬಾಟಲಿ ರಮ್ ಕುಡಿದು ತೂರಾಡುತ್ತೇನೆ, ಅದು ಕಾಮಿಡಿ. ಮೂರನೆಯದರಲ್ಲಿ ಮನೆತನದ ಮಾನ ಅಂತ ತಮ್ಮನ ಮಗಳ ಕೆನ್ನೆಗೆ ಬಾರಿಸುತ್ತೇನೆ. ಕೊನೆಗೆ ಹೀರೋ ನನ್ನ ಕೈಯಿಂದ ಕೋವಿ ಕಿತ್ತು ಎಸೆಯುತ್ತಾನೆ. ನಾನು ಅವನ ಬೆನ್ನು ತಟ್ಟಿ "ನೀನು ಗಂಡಸು ಕಣೋ" ಅನ್ನುತ್ತೇನೆ. ಅಲ್ಲಿಗೆ ನನ್ನ ಪಾತ್ರ ಮುಗಿಯಿತು.

ಆ ಕೊನೆಯ ಮಾತು ತಲೆಯಿಂದ ಹೋಗುತ್ತಿಲ್ಲ. ಬಯಲಿನ ಹುಡುಗ ಗಂಡಸು ಅನ್ನಿಸಿಕೊಳ್ಳಬೇಕಾದರೆ ಬೆಟ್ಟದಲ್ಲಿ ಒಬ್ಬ ಒರಟ ಕಾದಿರಬೇಕು. ಅವನು ಸೋಲಬೇಕು, ಸೋತು ಶಭಾಶ್ ಅನ್ನಬೇಕು. ಅಷ್ಟಕ್ಕೇ ಕಥೆಯಲ್ಲಿ ನಾವು ಬೇಕು.

ಇದು ಸುಮ್ನೆ ಸಿನಿಮಾ ಅಂತ ಬಿಡಲು ನನ್ನಿಂದ ಆಗುವುದಿಲ್ಲ. 1988ರಲ್ಲಿ ನಾನು ಸೈನ್ಯದ ಭರ್ತಿಗೆ ಹೋಗಿದ್ದೆ. ಎತ್ತರ ಸರಿ ಇತ್ತು, ಎದೆ ಸರಿ ಇತ್ತು, ಓಟದಲ್ಲಿ ಮುಂದಿದ್ದೆ. ಪಾದ ಚಪ್ಪಟೆ ಅಂತ ವಾಪಸ್ ಕಳಿಸಿದರು. ಎರಡು ವರ್ಷದ ಮೇಲೆ, ಮೈಸೂರಿನಲ್ಲಿ ಕೆಲಸಕ್ಕಿದ್ದಾಗ, 'ಮುತ್ತಿನ ಹಾರ' ಬಂತು. ವಿಷ್ಣುವರ್ಧನ್ ಕೊಡವ ಸೈನಿಕನಾಗಿದ್ದ ಸಿನಿಮಾ. ನೋಡಿ ಅತ್ತಿದ್ದೇನೆ. ಅದರಲ್ಲಿ ಸೈನಿಕನ ಮನೆಯವರ ನೋವಿತ್ತು. ಆಮೇಲೆ ಬಂದ ಸಿನಿಮಾದವರು ನೋವನ್ನು ಬಿಟ್ಟು, ಮೀಸೆ ಮತ್ತು ಕೋವಿಯನ್ನು ಇಟ್ಟುಕೊಂಡರು. ರೂಮಿನ ಗೆಳೆಯರು ಅಂದಿನಿಂದ ನನ್ನನ್ನು "ಏನ್ ಕರ್ನಲ್" ಅಂತ ಕರೆಯತೊಡಗಿದರು. ಪ್ರೀತಿಯಿಂದಲೇ ಕರೆದರು. ನಾನು ಮಾತ್ರ ಪಾದದ ವಿಷಯ ಹೇಳಲಾಗದೆ, ಭರ್ತಿಗೆ ಮುಂಚೆ ಕಾಲು ಮುರಿದಿತ್ತು ಅಂತ ಹತ್ತು ವರ್ಷ ಸುಳ್ಳು ಹೇಳಿದೆ. ಸೇನಾ ಮುಖ್ಯಸ್ಥರಾಗಿದ್ದ ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನೆಲ ಇದು. ಆ ಹೆಮ್ಮೆ ನನಗೂ ಇದೆ. ಆದರೆ ಸೈನ್ಯಕ್ಕೆ ಹೋಗದವನೂ ಇಲ್ಲೇ ಹುಟ್ಟಿದ್ದಾನೆ ಅಲ್ವಾ?

ಇನ್ನು ಕೋವಿ. ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಸಿನಿಮಾದವರಿಗೆ ಗೊತ್ತಿರುವುದು ಇಷ್ಟು ಮಾತ್ರ. ನಮ್ಮ ಮನೆಯ ಕೋವಿ ವರ್ಷವಿಡೀ ಗೋಡೆಯಲ್ಲಿ ಇರುತ್ತದೆ. ಕೈಲ್‌ಪೋದ್ ಅನ್ನುವ ನಮ್ಮ ಆಯುಧಪೂಜೆಯ ದಿನ ಎಣ್ಣೆ ಹಚ್ಚಿ, ತೋಕ್‌ಪೂ ಹೂ ಇಟ್ಟು ಪೂಜೆ ಮಾಡುತ್ತೇವೆ. ನಾನು ಅದನ್ನು ಹಾರಿಸಿದ್ದರಲ್ಲಿ ಮರೆಯಲಾಗದ್ದು ಒಂದೇ ದಿನ. ನಮ್ಮಪ್ಪ ತೀರಿಕೊಂಡಾಗ ಜುಲೈ ತಿಂಗಳು, ಬೆಳಗಿನ ಜಾವ ನಾಲ್ಕು ಗಂಟೆ, ಜಡಿಮಳೆ. ಕರೆಂಟ್ ಇಲ್ಲ, ಫೋನ್ ಸತ್ತು ಮೂರು ದಿನ. ಸಾವಾದರೆ ಎರಡು ಗುಂಡು ಹಾರಿಸುವುದು ನಮ್ಮ ಪದ್ಧತಿ. ಅಂಗಳಕ್ಕೆ ಇಳಿದೆ. ಕೈ ನಡುಗಿ ಕೋವಿಯ ಕುದುರೆ ಎಳೆಯಲು ಆಗಲಿಲ್ಲ. ಚಿಕ್ಕಪ್ಪನ ಮಗ ಹಿಂದಿನಿಂದ ಬಂದು ನನ್ನ ಮೊಣಕೈ ಹಿಡಿದುಕೊಂಡ. ಎರಡು ಗುಂಡು ಹೋದವು. ಅರ್ಧ ಗಂಟೆಯಲ್ಲಿ ಕೆಳಗಿನ ಗದ್ದೆಯ ಏರಿ ಮೇಲೆ ಟಾರ್ಚಿನ ಬೆಳಕು ಒಂದೊಂದಾಗಿ ಕಾಣಿಸಿತು. ಒಬ್ಬರು ಸೌದೆ ತಂದರು. ಒಬ್ಬರು ಬಂದವರೇ ನಮ್ಮ ಹಸುವಿನ ಹಾಲು ಕರೆದರು. ನನ್ನ ಮಟ್ಟಿಗೆ ಕೋವಿ ಅಂದರೆ ಜನರನ್ನು ಕರೆಯುವ ಸದ್ದು. ಅದನ್ನೇ ಗೇಟಿಗೆ ಬಂದವನನ್ನು ಓಡಿಸಲು ಹಾರಿಸು ಅನ್ನುತ್ತಿದ್ದಾರೆ.

ಬೈದು ಕಳಿಸುವುದು ಸುಲಭ. ಆದರೆ ಹುಡುಗ ಒಳ್ಳೆಯವನು. "ಏನು ಬದಲಾಯಿಸಬೇಕು ಹೇಳಿ ಅಂಕಲ್, ಬರ್ಕೊಳ್ತೀನಿ" ಅಂದಿದ್ದಾನೆ. ನಾನು ಏನು ಹೇಳಲಿ? ನಿಮ್ಮ ಕಡೆಯ ಬೆಟ್ಟದ ಗಂಡಸರನ್ನು ಸಿನಿಮಾದಲ್ಲಿ ಹೇಗೆ ತೋರಿಸುತ್ತಾರೆ, ಮನೆಯಲ್ಲಿ ಅವರು ಹೇಗಿರುತ್ತಾರೆ, ಬರೆಯಿರಿ.

ಉತ್ತರ: ವಿರಾಜಪೇಟೆಯವಳು

ಅಣ್ಣ, ಎರಡು ಗುಂಡಿನ ವಿಷಯ ಓದಿ ಗಂಟಲು ಕಟ್ಟಿತು. ನೀವು ಬರೆಯದೆ ಬಿಟ್ಟ ಒಂದು ಗುಂಡಿನ ವಿಷಯ ನಾನು ಹೇಳುತ್ತೇನೆ.

ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಔಡಲದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಬಾಣ ಮಾಡಿ ಮಗುವಿನ ಕೈಗೆ ಮುಟ್ಟಿಸುತ್ತಾರೆ. ನನ್ನ ತಮ್ಮನಿಗೆ ಎರಡೂ ಆಯಿತು. ನಾನು ಹುಟ್ಟಿದಾಗ ಏನೂ ಸದ್ದಾಗಲಿಲ್ಲ. 2003ರಲ್ಲಿ ನನಗೆ ಮಗಳು ಹುಟ್ಟಿದಳು. ಮಗುವನ್ನು ತವರಿಗೆ ತಂದ ಸಂಜೆ ತಮ್ಮ ಯಾರನ್ನೂ ಕೇಳದೆ ಕೋವಿ ತೆಗೆದುಕೊಂಡು ಅಂಗಳಕ್ಕೆ ಹೋದ. ಒಂದು ಗುಂಡು ಹಾರಿಸಿ ಒಳಗೆ ಬಂದು ಊಟಕ್ಕೆ ಕುಳಿತ. ದೊಡ್ಡವರು ಒಂದಿಬ್ಬರು ಗೊಣಗಿದರು. ಅವನು ತಲೆ ಎತ್ತಲಿಲ್ಲ, ಕಡಂಬುಟ್ಟು ಇನ್ನೆರಡು ಹಾಕು ಅಂದ. ನನ್ನ ಮಗಳಿಗೆ ಈಗಲೂ ಈ ಕಥೆ ಹೇಳುತ್ತೇನೆ. ನಿಮ್ಮ ನಿರ್ದೇಶಕರಿಗೂ ಹೇಳಿ. ಕೋವಿ ತೋರಿಸಲೇಬೇಕು ಅಂದರೆ ಇದನ್ನು ತೋರಿಸಲಿ.

ಇನ್ನೊಂದು ಬೇಡಿಕೆ. ಆ ರಮ್ಮಿನ ಕಾಮಿಡಿ ದಯವಿಟ್ಟು ತೆಗೆಸಿ. ನಮ್ಮಪ್ಪ ಹವಾಲ್ದಾರರಾಗಿ ನಿವೃತ್ತರಾದವರು. ಪ್ರತಿ ತಿಂಗಳು ಮಿಲಿಟರಿ ಕ್ಯಾಂಟೀನಿನ ರಮ್ ಕೋಟಾ ಬರುತ್ತಿತ್ತು. ಕುಡಿದರೆ ಅಪ್ಪ ಹಾಡಲಿಲ್ಲ, ಕುಣಿಯಲಿಲ್ಲ, ಯಾರನ್ನೂ ನಗಿಸಲಿಲ್ಲ. ಹಿಂದಿನ ಕೋಣೆಯಲ್ಲಿ ದೀಪ ಹಾಕದೆ ಕೂರುತ್ತಿದ್ದರು. ಕಾಫಿ ಹಣ್ಣು ತೂಗಿಸಿದ್ದು ಅಮ್ಮ. ಶನಿವಾರದ ಬಟವಾಡೆ ಮಾಡಿದ್ದು ಅಮ್ಮ. ಅಪ್ಪನಿಗೆ ಏನಾಗಿದೆ ಅಂತ ಒಬ್ಬರೂ ಕೇಳಲಿಲ್ಲ. ಕೊಡಗಿನವನು, ಮಿಲಿಟರಿಯವನು, ಕುಡಿಯುತ್ತಾನೆ, ಅದರಲ್ಲೇನಿದೆ ಅಂದುಕೊಂಡರು. ಥಿಯೇಟರಿನಲ್ಲಿ ಜನ ನಗುವಾಗ ನನಗೆ ಆ ಕೋಣೆ ನೆನಪಾಗುತ್ತದೆ.

ಉತ್ತರ: ಸಂಪಾಜೆ ಮೇಷ್ಟ್ರು

ನಾನು ಅರೆಭಾಷೆ ಮಾತಾಡುವ ಗೌಡ ಜನಾಂಗದವನು, ನಿವೃತ್ತ ಶಿಕ್ಷಕ. ಕೊಡಗು ಅಂದ ಕೂಡಲೇ ಕುಪ್ಯ ಹಾಕಿದವರೊಬ್ಬರೇ ಸಿನಿಮಾದವರ ಕಣ್ಣಿಗೆ ಬೀಳುವುದು. ಬ್ರಿಟಿಷರ ವಿರುದ್ಧ ಎದ್ದು 1837ರಲ್ಲಿ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡರೂ ಈ ಬೆಟ್ಟದವರೇ. ಹಾಗಂತ ನಮ್ಮವರಿಗೂ ಒಂದು ಮೀಸೆ ಅಂಟಿಸಿ ಅಂತ ನಾನು ಕೇಳುತ್ತಿಲ್ಲ. ನನಗೆ ಬೇರೆ ಬೇಸರ ಇದೆ.

ಮಾದಾಪುರದವರೇ, ನಿಮ್ಮ ಕಥೆಯಲ್ಲಿ ತೋಟದ ಕೆಲಸದವರು, ಅಂದರೆ ಲೈನ್ ಮನೆಯವರು ಇದ್ದಾರಾ? ಇದ್ದರೆ ಮಾತಾಡುತ್ತಾರಾ? ನಾನು ನೋಡಿದ ಸಿನಿಮಾಗಳಲ್ಲಿ ಕಾಡಿನ ಬುಡಕಟ್ಟಿನ ಯರವರ, ಕುರುಬರ ಗಂಡಸು ಬರುವುದು ಎರಡೇ ಕಡೆ. ಹಾಡಿನಲ್ಲಿ ಸೊಪ್ಪು ಕಟ್ಟಿಕೊಂಡು ಬೆಂಕಿಯ ಸುತ್ತ ಕುಣಿಯುತ್ತಾನೆ. ಇಲ್ಲವೇ "ದಣೀ, ಆನೆ ಬಂತು" ಅಂತ ಓಡಿ ಬರುತ್ತಾನೆ. ದಣಿ ಶೂರ ಅಂತ ತೋರಿಸಲು ಇವನು ಹೆದರುತ್ತಾನೆ. ನಿಮ್ಮನ್ನು ಹೀರೋ ಏನು ಮಾಡುತ್ತಾನೋ, ಅದನ್ನೇ ನಿಮ್ಮ ಪಾತ್ರ ಇವರಿಗೆ ಮಾಡುತ್ತದೆ. ಇದು ನಿಮಗೆ ನೋವಾಗಲಿ ಅಂತ ಹೇಳುತ್ತಿಲ್ಲ. ನಿಮ್ಮ ಮನಸ್ಸು ಒಳ್ಳೆಯದು, ಅದಕ್ಕೇ ಹೇಳುತ್ತಿದ್ದೇನೆ.

ದಕ್ಷಿಣ ಕೊಡಗಿನಲ್ಲಿ ಆರು ವರ್ಷ ಇದ್ದೆ. ಬುಡಕಟ್ಟಿನವರ ವಸತಿ ಹಾಡಿಯಿಂದ ಒಬ್ಬ ಯರವ ತಂದೆ ಮಗಳನ್ನು ದಿನಾ ಶಾಲೆಗೆ ಬಿಡಲು ಬರುತ್ತಿದ್ದ. ಹೆಂಡತಿ ಇರಲಿಲ್ಲ. ಮಳೆಗಾಲದಲ್ಲಿ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿ ತೋಡು ದಾಟಿಸುವುದು. ಶಾಲೆಯ ಮೆಟ್ಟಿಲಲ್ಲಿ ಇಳಿಸಿ, ಟವೆಲಿನಲ್ಲಿ ಅವಳ ಕಾಲು ಒರೆಸಿ, ಸಡಿಲಾದ ಜಡೆಯನ್ನು ಮತ್ತೆ ಹೆಣೆಯುವುದು. ಕಾಫಿ ಕೊಯ್ದು ಕಪ್ಪಾದ ದಪ್ಪ ಬೆರಳು. ಎರಡು ಜಡೆ, ಎರಡೂ ಒಂದೇ ಅಳತೆ. ಅದಾದ ಮೇಲೆಯೇ ಅವನು ಕೆಲಸಕ್ಕೆ ಓಡುತ್ತಿದ್ದ, ತಡವಾಗಿ ಬೈಸಿಕೊಳ್ಳುತ್ತಿದ್ದ. ಬೆಟ್ಟದ ಗಂಡಸು ಅಂದರೆ ನನ್ನ ಕಣ್ಣ ಮುಂದೆ ಬರುವುದು ಅವನು.

ಉತ್ತರ: ಗ್ರೀನ್‌ವಿಲ್ ಕನ್ನಡಿಗ

ಸರ್, ನಾನು ಹಾಸನದವನು, ಅಮೆರಿಕದ ಸೌತ್ ಕೆರೊಲಿನಾದಲ್ಲಿದ್ದೇನೆ. ನೀವು ಹೇಳಿದ ಕಥೆ ಇಲ್ಲಿ 50 ವರ್ಷದ ಹಿಂದೆಯೇ ನಡೆದಿದೆ.

ನಮ್ಮ ಊರಿನ ಪಶ್ಚಿಮಕ್ಕೆ ಅಪಲಾಚಿಯನ್ ಬೆಟ್ಟ. ಅಲ್ಲಿ ಜಾರ್ಜಿಯಾದ ಗಡಿಯಲ್ಲಿ ಚಟೂಗ ಅಂತ ನದಿ. 1972ರಲ್ಲಿ ಬಂದ 'ಡೆಲಿವರೆನ್ಸ್' ಅನ್ನುವ ಸಿನಿಮಾವನ್ನು ಅಲ್ಲೇ ತೆಗೆದರು. ಅಟ್ಲಾಂಟಾದ ನಾಲ್ವರು ಗಂಡಸರು ದೋಣಿ ತೆಗೆದುಕೊಂಡು ನದಿಗೆ ಇಳಿಯುತ್ತಾರೆ. ಪಟ್ಟಣದಲ್ಲಿ ಮೆತ್ತಗಾದ ತಮ್ಮ ಗಂಡಸುತನವನ್ನು ಕಾಡಿನಲ್ಲಿ ಹುಡುಕುವ ಪ್ರಯಾಣ ಅದು. ಎದುರಾಗುವ ಬೆಟ್ಟದ ಗಂಡಸರು ಹಲ್ಲು ಉದುರಿದವರು, ಕೋವಿ ಹಿಡಿದವರು. ನಾಲ್ವರಲ್ಲಿ ಒಬ್ಬನ ಮೇಲೆ ಅತ್ಯಾಚಾರ ಮಾಡುತ್ತಾರೆ. ಸಿನಿಮಾ ಬಿಗಿಯಾಗಿದೆ, ಒಪ್ಪುತ್ತೇನೆ. ಆದರೆ ಅವತ್ತಿನಿಂದ ಆ ಬೆಟ್ಟದ ಜನ ಅಂದರೆ ಉಳಿದವರಿಗೆ ಅದೇ ಮುಖ.

ಅದರಲ್ಲಿ ಬ್ಯಾಂಜೋ ಅನ್ನುವ ತಂತಿವಾದ್ಯ ನುಡಿಸುವ ಒಬ್ಬ ಹುಡುಗ ಬರುತ್ತಾನೆ. ಅದು ಬಹಳ ಪ್ರಸಿದ್ಧ ದೃಶ್ಯ. ಆ ಹುಡುಗ ಅಲ್ಲಿಯವನೇ, ಮುಖ ನೋಡಿ ಆರಿಸಿದ್ದು. ಅವನಿಗೆ ಬ್ಯಾಂಜೋ ಬರುತ್ತಲೇ ಇರಲಿಲ್ಲ. ನುಡಿಸುವ ಇನ್ನೊಬ್ಬನನ್ನು ಹಿಂದೆ ಅಡಗಿಸಿ, ಅಂಗಿಯ ತೋಳಿನಲ್ಲಿ ಅವನ ಕೈ ತೂರಿಸಿ ತೆಗೆದರು. ಮುಖ ಒಬ್ಬನದು, ಕೈ ಇನ್ನೊಬ್ಬನದು. ನಿಮ್ಮ ಮೀಸೆ ಓದಿದಾಗ ಇದೇ ನೆನಪಾಯಿತು.

ಸಿನಿಮಾ ನೋಡಿ ಆ ನದಿಗೆ ಜನ ನುಗ್ಗಿದರು. ದೋಣಿ ಸವಾರಿ ದೊಡ್ಡ ವ್ಯಾಪಾರವಾಯಿತು. 'ಮುಂಗಾರು ಮಳೆ' ಬಂದ ಮೇಲೆ ನಮ್ಮವರು ಕೊಡಗಿಗೆ, ಸಕಲೇಶಪುರಕ್ಕೆ ನುಗ್ಗಿದ ಹಾಗೆಯೇ. ಅಲ್ಲಿಯವರಿಗೆ ಅದರಿಂದ ಅನ್ನ ಸಿಕ್ಕಿದೆ, ಅವಮಾನವೂ ಉಳಿದಿದೆ. ಬ್ಯಾಂಜೋ ಸದ್ದು ಕೇಳುತ್ತಿದೆ, ಬೇಗ ಹುಟ್ಟು ಹಾಕಿ ಅಂತ ಬರೆದ ಟೀಶರ್ಟ್ ಈಗಲೂ ಮಾರುತ್ತಾರೆ. ನಾವು ಹೋದಾಗ ದೋಣಿ ನಡೆಸಿದವನು ಆ ಬೆಟ್ಟದ ಹುಡುಗ. ನಮ್ಮ ಗುಂಪಿನ ಒಬ್ಬರು ಬಾಯಲ್ಲೇ ಬ್ಯಾಂಜೋ ಸದ್ದು ಮಾಡಿದರು. ಅವನು ನಕ್ಕ. ಕೇಳಿ ಕೇಳಿ ಅಭ್ಯಾಸವಾದ ನಗು ಅದು. ದಡಕ್ಕೆ ಬಂದ ಮೇಲೆ ನನ್ನ ಆರು ವರ್ಷದ ಮಗನ ಲೈಫ್ ಜಾಕೆಟ್ ಬಿಚ್ಚಿ, ಚಳಿಗೆ ನಡುಗುತ್ತಿದ್ದ ಅವನನ್ನು ತನ್ನ ಸ್ವೆಟರಿನಲ್ಲಿ ಸುತ್ತಿ ಕೊಟ್ಟ. ನಿಮ್ಮ ಮನೆಯ ಶೂಟಿಂಗ್ ಇನ್ನೂ ಶುರುವಾಗಿಲ್ಲ. ಈಗಲೇ ಹೇಳಿ ಸರ್. ಬಂದ ಮೇಲೆ ಅಳಿಸಲು ಆಗುವುದಿಲ್ಲ.

ಉತ್ತರ: ಆರ್ಟ್ ಡಿಪಾರ್ಟ್‌ಮೆಂಟ್

ನಾನು 15 ವರ್ಷದಿಂದ ಸಿನಿಮಾದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಕಡೆಯ ಕಷ್ಟವನ್ನೂ ಹೇಳಬೇಕು.

ದೊಡ್ಡಪ್ಪನ ಪಾತ್ರಕ್ಕೆ ಎಲ್ಲ ಸೇರಿ ಆರು ನಿಮಿಷ ಸಿಗುತ್ತದೆ. ಅವನು ಯಾರು ಅಂತ ನೋಡುವವರಿಗೆ ಒಂದೇ ಶಾಟ್‌ನಲ್ಲಿ ಗೊತ್ತಾಗಬೇಕು. ಮೀಸೆ, ಕೋವಿ ಇಟ್ಟರೆ ಕೆಲಸ ಮುಗಿಯಿತು. ಮಂಡ್ಯದವನಿಗೆ ಮಚ್ಚು, ಉತ್ತರ ಕರ್ನಾಟಕದವನಿಗೆ ಪೇಟ, ಮಲೆನಾಡಿನವನಿಗೆ ಕಂಬಳಿ. ಹೀಗೆ ಮಾಡುವವರಲ್ಲಿ ಹೆಚ್ಚಿನವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಸಮಯ ಇರುವುದಿಲ್ಲ, ಆ ಊರಿನಲ್ಲಿ ಎರಡು ರಾತ್ರಿ ಕಳೆದಿರುವುದಿಲ್ಲ.

ನಿಮ್ಮ ಹುಡುಗನಿಗೆ ಭಾಷಣ ಮಾಡಬೇಡಿ. ಅಪಮಾನ, ಸಂಸ್ಕೃತಿ ಅಂದರೆ ಹೆದರಿ ಪಾತ್ರವನ್ನೇ ಕಿತ್ತುಹಾಕುತ್ತಾನೆ. ನಿಮ್ಮ ಕೈಗೆ ಒಂದು ಕೆಲಸ ಕೇಳಿ. ಹೀರೋ ಬರುವಾಗ ನೀವು ಏನು ಮಾಡುತ್ತಿರುತ್ತೀರಿ? ಕೋವಿ ಇಲ್ಲದಿದ್ದರೆ ಕೈಯಲ್ಲಿ ಏನಿರುತ್ತದೆ? ಅದು ಕಣ್ಣಿಗೆ ಕಾಣುವಂಥದ್ದಾಗಿರಲಿ, ಹೀರೋಗೂ ಅದರಲ್ಲಿ ಪಾಲಿರಲಿ. ಒಳ್ಳೆಯ ಶಾಟ್ ಕೊಟ್ಟರೆ ನಿರ್ದೇಶಕ ಯಾಕೆ ಬೇಡ ಅನ್ನುತ್ತಾನೆ?

ಕೇಳಿದವರ ಮರು ಉತ್ತರ: ಮಾದಾಪುರ ಕಾಫಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇವತ್ತು ಹುಡುಗ ಬಂದಿದ್ದ. ಮೂರು ಗಂಟೆ ಕುಳಿತಿದ್ದ.

ಮೊದಲಿಗೆ ನಾನು ಅವನಿಗೆ ನಮ್ಮ ಪಕ್ಕದ ಮನೆಯವರ ಕಥೆ ಹೇಳಿದೆ. ಅವರು ನಿಜವಾಗಿಯೂ ನಿವೃತ್ತ ಸುಬೇದಾರರು. 2018ರ ಆಗಸ್ಟ್‌ನಲ್ಲಿ ನಮ್ಮ ಬೆಟ್ಟಗಳು ಜಾರಿದಾಗ ಮಕ್ಕಂದೂರು, ಹಟ್ಟಿಹೊಳೆ ಕಡೆ ತೋಟ, ರಸ್ತೆ, ಮನೆ ಎಲ್ಲ ಕೊಚ್ಚಿಹೋಯಿತು. ನಾವಿಬ್ಬರೂ ಒಂದೇ ಪರಿಹಾರ ಶಿಬಿರದಲ್ಲಿದ್ದೆವು. ಎರಡು ದಿನ ಅವರು ಜನರನ್ನು ಸಾಲಿನಲ್ಲಿ ನಿಲ್ಲಿಸಿದರು, ಚಾಪೆ ಹಂಚಿದರು, ಮಕ್ಕಳಿಗೆ ಬಿಸ್ಕತ್ತು ಕೊಟ್ಟರು. ಒಂದು ಮಾತಿಲ್ಲ. ಮೂರನೇ ದಿನ ಬೆಳಿಗ್ಗೆ ಯಾರೋ ಹುಡುಗಿ ಸ್ಟೀಲ್ ಲೋಟದಲ್ಲಿ ಹಾಲು ಹಾಕಿದ ಕಾಫಿ ಕೊಟ್ಟಳು. ಲೋಟ ನೋಡುತ್ತಾ ನೋಡುತ್ತಾ, "ಹಗ್ಗ ಬಿಚ್ಚಬೇಕಿತ್ತು, ಹಗ್ಗ ಬಿಚ್ಚಿಬಿಡಬೇಕಿತ್ತು" ಅಂತ ಅಳತೊಡಗಿದರು. ಓಡಿ ಬರುವಾಗ ಕೊಟ್ಟಿಗೆಯಲ್ಲಿ ಹಸು ಕಟ್ಟಿದ್ದು ಹಾಗೆಯೇ ಉಳಿದಿತ್ತು. ಅಷ್ಟು ದೊಡ್ಡ ಆಳು, ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತರು. ನಾನು ಅವರ ಬೆನ್ನು ಸವರುತ್ತಾ ಕುಳಿತಿದ್ದೆ. ಕಾಫಿ ಅಲ್ಲೇ ತಣ್ಣಗಾಯಿತು.

ಹುಡುಗ ಬರೆಯುವುದನ್ನು ನಿಲ್ಲಿಸಿ ಕೇಳಿದ. ಆಮೇಲೆ ನಾನೇ ಒಂದು ಕೆಲಸ ಸೂಚಿಸಿದೆ. ಫೆಬ್ರವರಿ ಕೊನೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ನಾವು ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಹಾಕುತ್ತೇವೆ. ತ್ರೀ ಫೇಸ್ ಕರೆಂಟ್ ನಮಗೆ ಸಿಗುವುದು ರಾತ್ರಿಯೇ. ಎರಡು ಗಂಟೆಗೆ ಎದ್ದು, ಆನೆ ಇದೆಯೇನೋ ಅಂತ ಕಿವಿಗೊಟ್ಟು, ನೆನೆದ ಬಟ್ಟೆಯಲ್ಲಿ ಪೈಪು ಬದಲಿಸಬೇಕು. ಸಮಯಕ್ಕೆ ನೀರು ಸಿಗದಿದ್ದರೆ ವರ್ಷದ ಬೆಳೆ ಹೋಗುತ್ತದೆ. ಗೇಟಿಗೆ ಹೀರೋ ಬರುವುದು ಆ ಹೊತ್ತಿಗೆ ಬರಲಿ, ನಾನು ಕೋವಿ ಎತ್ತುವ ಬದಲು ಪೈಪಿನ ಒಂದು ತುದಿ ಅವನ ಕೈಗೆ ಕೊಡುತ್ತೇನೆ ಅಂದೆ. ಹುಡುಗನ ಮುಖ ಅರಳಿತು. "ರಾತ್ರಿ, ನೀರು, ಟಾರ್ಚ್ ಬೆಳಕು, ಸೂಪರ್ ಅಂಕಲ್" ಅಂದ. ಆರ್ಟ್ ಡಿಪಾರ್ಟ್‌ಮೆಂಟಿನವರೇ, ನಿಮ್ಮ ಮಾತು ಫಲಿಸಿತು.

ರಮ್ಮಿನ ದೃಶ್ಯ ಹೋಯಿತು, ವಿರಾಜಪೇಟೆ ತಂಗಿ. ಕೆನ್ನೆಗೆ ಹೊಡೆಯುವುದೂ ಹೋಯಿತು. ಅದನ್ನು ದೊಡ್ಡಮ್ಮನೇ ಅಡುಗೆಮನೆಯಿಂದ ಕೂಗಿ ಹೇಳಿದರು, ಈ ಮನೆಯ ಜಗಲಿಯಲ್ಲಿ ಹೆಣ್ಣುಮಗಳ ಮೇಲೆ ಕೈ ಎತ್ತಿದರೆ ಶೂಟಿಂಗೇ ಬೇಡ ಅಂತ. ಮೀಸೆ ಇಲ್ಲ. ಕುಪ್ಯ ಕಪ್ಪು. ಕೋವಿ ಕೊಡುವುದಿಲ್ಲ ಅಂದಿದ್ದೇನೆ.

ಮೇಷ್ಟ್ರೇ, ನೀವು ಕೇಳಿದ ಪ್ರಶ್ನೆಗೆ ತಲೆ ತಗ್ಗಿಸುತ್ತೇನೆ. ಕಥೆಯಲ್ಲಿ ನಾಲ್ವರು ಕೆಲಸದವರಿದ್ದಾರೆ, ಒಬ್ಬರಿಗೂ ಮಾತಿಲ್ಲ. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ನಮ್ಮ ತೋಟದಲ್ಲಿ ರಾತ್ರಿ ನನ್ನ ಜೊತೆ ಪೈಪು ಎಳೆಯುವವರು ಯರವರೇ. ಆನೆಯ ಸುಳಿವು ಮೊದಲು ಗೊತ್ತಾಗುವುದು ಅವರಿಗೆ, ಹೆದರದೆ ನಿಲ್ಲುವವರೂ ಅವರೇ. ನಿಮ್ಮ ಜಡೆಯ ಕಥೆ ಓದಿ ಹೇಳಿದೆ. ಹುಡುಗ ಬರೆದುಕೊಂಡಿದ್ದಾನೆ, ಮಾಡುತ್ತಾನೋ ಇಲ್ಲವೋ ಮಾತು ಕೊಟ್ಟಿಲ್ಲ.

ಆ ಕೊನೆಯ ಮಾತು ಮಾತ್ರ ಇನ್ನೂ ಹಾಗೆಯೇ ಇದೆ. "ನೀನು ಗಂಡಸು ಕಣೋ" ಟ್ರೇಲರಿಗೆ ಬೇಕಂತೆ, ನಿರ್ಮಾಪಕರು ಬಿಡುವುದಿಲ್ಲವಂತೆ. ನಾನು ಅದನ್ನು ಆಡುವುದಿಲ್ಲ ಅಂದೆ. ಹಾಗಾದರೆ ಪಾತ್ರಕ್ಕೆ ಬೇರೆಯವರನ್ನು ಕರೆಸಬಹುದು, ಮನೆ ಕೊಟ್ಟದ್ದು ಕೊಟ್ಟದ್ದೇ ಅಂದೆ. ಸೋಮವಾರ ಫೋನ್ ಮಾಡುತ್ತಾನಂತೆ.

ಶೂಟಿಂಗ್ ಫೆಬ್ರವರಿ 20ಕ್ಕೆ. ಹೀರೋ ಹುಡುಗನನ್ನು ಎರಡು ದಿನ ಮೊದಲೇ ಕಳಿಸಿ ಅಂದಿದ್ದೇನೆ. ಪೈಪಿನಲ್ಲಿ ನೀರು ನಿಂತಿದ್ದರೆ ಭಾರ ಜಾಸ್ತಿ, ಹೆಗಲಿಗೆ ಚೀಲ ಹಾಕಿಕೊಳ್ಳದೆ ಎತ್ತಿದರೆ ಚರ್ಮ ಸುಲಿಯುತ್ತದೆ. ಅದನ್ನು ಯಾರಾದರೂ ಅವನಿಗೆ ತೋರಿಸಿಕೊಡಬೇಕು.